ಹಳ್ಳ ಶಿವರಾತ್ರಿಗೇ ಬತ್ತತ್ತೆ, ಅಕೇಶಿಯಾ ಕಡಿಸಿ ಬೋರ್ ಹೊಡೆಸ್ಲಾ?

ಪ್ರಶ್ನೆ: ನಮ್ದು ಸಾಗರ ತಾಲೂಕು ಸರ್. ಒಂದೂವರೆ ಎಕರೆ ಅಡಿಕೆ ತೋಟ, ಅದರ ಮೇಲ್ಗಡೆ ಐದು ಎಕರೆ ಸೊಪ್ಪಿನಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ಸೌದೆ ತರೋಕೆ ಅಂತ ಬಿಟ್ಟಿರೋ ಕಾಡು. ಬೆಟ್ಟದ ಅರ್ಧ ಅಕೇಶಿಯಾ, ಇನ್ನರ್ಧ ಹಳೇ ಕಾಡುಮರ, ಅದೂ ತೆಳ್ಳಗಾಗಿದೆ. ಅಪ್ಪನ ಕಾಲದಲ್ಲಿ ತೋಟದ ಪಕ್ಕದ ಹಳ್ಳ ಯುಗಾದಿ ದಾಟಿದ್ರೂ ಹರೀತಿತ್ತು, ಈಗ ಶಿವರಾತ್ರಿ ಹೊತ್ತಿಗೆ ಗುಂಡಿಲಿ ಮಾತ್ರ ನೀರು. ಅಕೇಶಿಯಾ ಪೂರ್ತಿ ತೆಗೆಸಿ ಅಲ್ಲೂ ಅಡಿಕೆ ಹಾಕಣ, ನೀರಿಗೆ ಬೋರ್ ಹೊಡೆಸಣ ಅಂತಾನೆ ಅಣ್ಣ. ಸ್ನೇಹಿತರೊಬ್ರು ಬೆಟ್ಟದ ತುಂಬ ಇಂಗುಗುಂಡಿ ತೆಗೆಸಿದ್ರೆ ಸಾಕು ಅಂತಾರೆ. ಯಾವುದು ಸರಿ?

ಉತ್ತರ: ಮೊದ್ಲು ನೇರವಾಗಿ ಹೇಳಿಬಿಡ್ತೀನಿ. ಬೆಟ್ಟದಲ್ಲಿ ಅಡಿಕೆ ಬೇಡವೇ ಬೇಡ. ಬೋರ್ ಈಗಲೇ ಬೇಡ. ಅಕೇಶಿಯಾ ತೆಗೀಬೇಕು, ಆದ್ರೆ ಒಂದೇ ಸಲಕ್ಕೆ ಅಲ್ಲ. ಇಂಗುಗುಂಡಿ ಕೆಲವು ಜಾಗದಲ್ಲಿ ಒಳ್ಳೇದು, ಕೆಲವು ಜಾಗದಲ್ಲಿ ಅಪಾಯ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ನಿಮ್ಮಣ್ಣನಿಗೂ ಓದಿಸಿ.

ಒಂದು ಲೆಕ್ಕ ಹಾಕಣ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಎಕರೆ ಅಂದ್ರೆ 4,047 ಚದರ ಮೀಟರ್. ನಿಮ್ಮ ಕಡೆ ವರ್ಷಕ್ಕೆ 2,000 ಮಿಮೀ ಮಳೆ ಅಂತ ಇಟ್ಕೊಂಡ್ರೂ ಐದು ಎಕರೆ ಬೆಟ್ಟದ ಮೇಲೆ ಬೀಳೋದು ಹತ್ರ ಹತ್ರ ನಾಲ್ಕು ಕೋಟಿ ಲೀಟರ್. ಈಗ ತೋಟದ ಕಡೆ ನೋಡಿ. ಡ್ರಿಪ್‌ನಲ್ಲಿ ಫಲ ಕೊಡೋ ಅಡಿಕೆ ಮರಕ್ಕೆ ಬೇಸಿಗೆಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು, ಎಕರೆಗೆ ಸುಮಾರು 550 ಮರ, ಅಂದ್ರೆ ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್, ನಿಮ್ಮ ಒಂದೂವರೆ ಎಕರೆಗೆ ಹದಿನೈದು ಸಾವಿರ, ನಾಲ್ಕು ತಿಂಗಳಿಗೆ ಹದಿನೆಂಟು ಲಕ್ಷ. ನಾಲ್ಕು ಕೋಟಿಯಲ್ಲಿ ಹದಿನೆಂಟು ಲಕ್ಷ ಅಂದ್ರೆ ನೂರಕ್ಕೆ ಐದು ಪಾಲೂ ಇಲ್ಲ. ಮಳೆ ನೀರು ಪೂರ್ತಿ ಇಂಗಲ್ಲ ನಿಜ, ಮರ ಕುಡಿಯತ್ತೆ, ಆವಿಯಾಗಿ ಹೋಗತ್ತೆ, ಇಂಗಿದ್ದೂ ಎಲ್ಲಾ ನಿಮ್ಮ ಹಳ್ಳಕ್ಕೇ ಬರಲ್ಲ. ಅದೆಲ್ಲಾ ಕಳೆದ್ರೂ ನಿಮ್ಮ ಮನೆ ಹಿಂದಿನ ಬೆಟ್ಟದಲ್ಲಿ ತೋಟಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ನೀರು ಬೀಳ್ತಿದೆ. ಆ ನೀರು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕೆಂಪಗೆ ಹರಿದು ಹೋಗಿಬಿಡತ್ತಾ ಅಥವಾ ಮಾರ್ಚ್ ತನಕ ಮಣ್ಣಲ್ಲಿ ನಿಲ್ಲತ್ತಾ, ನಿಮ್ಮ ಸಮಸ್ಯೆ ಇರೋದು ಅಲ್ಲಿ.

ನಮ್ಮ ಮಲೆನಾಡಿನ ಗುಡ್ಡಗಳಲ್ಲಿ ಬಹಳ ಕಡೆ ಮೇಲೆ ಜಂಬಿಟ್ಟಿಗೆ, ಅದರ ತುಂಬ ತೂತು. ಕೆಳಗೆ ಜಿಗುಟಾದ ಬಿಳಿ, ಹಳದಿ ಜೇಡಿ, ಅದರ ಕೆಳಗೆ ಗಟ್ಟಿ ಬಂಡೆ. ಮಳೆ ನೀರು ಜಂಬಿಟ್ಟಿಗೆಯಲ್ಲಿ ಸಲೀಸಾಗಿ ಇಳಿದು ಜೇಡಿ ತಾಗಿದ ಮೇಲೆ ಅಲ್ಲಿಂದ ಕೆಳಗೆ ಹೋಗಕ್ಕಾಗದೆ ಪಕ್ಕಕ್ಕೆ ಜಾರ್ತಾ ಬರತ್ತೆ, ಗುಡ್ಡದ ಮಗ್ಗುಲು ಎಲ್ಲಿ ಕತ್ತರಿಸಿದ ಹಾಗಿದೆಯೋ ಅಲ್ಲಿ ಜರಿಯಾಗಿ ಹೊರಗೆ ಬರತ್ತೆ. ನಮ್ಮ ಹಿರಿಯರು ಅಬ್ಬಿ ನೀರು ಅಂತ ದಬ್ಬೆ (ಸೀಳಿದ ಅಡಿಕೆ ಮರದ ದೋಣಿ) ಕೊಟ್ಟು ಮನೆ ಬಾಗಿಲಿಗೆ ತಂದುಕೊಳ್ತಿದ್ದಿದ್ದು ಇದನ್ನೇ. ಹಳ್ಳ ಬೇಸಿಗೆಲಿ ಹರಿಯೋದೂ ಇದೇ ನೀರಿಂದ. ಮೋಡ ಹೋಗಿ ಐದು ತಿಂಗಳಾದ ಮೇಲೂ ಹಳ್ಳ ಹರೀತಿದೆ ಅಂದ್ರೆ ಮಳೆಗಾಲದಲ್ಲಿ ಯಾರೋ ಆ ನೀರನ್ನ ಮೇಲ್ಗಡೆ ತಡೆದು ಒಳಗೆ ಬಿಟ್ಟಿದಾರೆ ಅಂತಾನೇ ಅರ್ಥ. ಆ ಕೆಲಸ ಮಾಡೋದು ಮರ, ಬೇರು, ಮತ್ತೆ ಮುಖ್ಯವಾಗಿ ದರಗು, ಅಂದ್ರೆ ಉದುರಿದ ಒಣ ಎಲೆ.

ಇದನ್ನ ನಾನು ಹೇಳಿದ್ದಕ್ಕೆ ನಂಬಬೇಡಿ, ನೀವೇ ನೋಡಿ. ಆರಿಂಚಿನ ಪಿವಿಸಿ ಪೈಪ್ ಒಂದಡಿ ತುಂಡು ತಗೊಳ್ಳಿ. ಬೆಟ್ಟದಲ್ಲಿ ಹಳೇ ಮತ್ತಿ ಮರದ ಬುಡದಿಂದ ನಾಲ್ಕೈದು ಮಾರು ದೂರದಲ್ಲಿ ಮೇಲಿನ ಎಲೆ ಸರಿಸಿ, ಪೈಪಿನ ಮೇಲೆ ಹಲಗೆ ಇಟ್ಟು ಸುತ್ತಿಗೆಲಿ ತಟ್ಟಿ ಎರಡು ಮೂರು ಇಂಚು ಮಣ್ಣೊಳಗೆ ಇಳಿಸಿ. ಎರಡು ಲೀಟರ್ ನೀರು ಹೊಯ್ದು ಮೊಬೈಲಲ್ಲಿ ಟೈಮ್ ನೋಡಿ. ಅದು ಇಂಗಿದ ಮೇಲೆ ಇನ್ನೆರಡು ಲೀಟರ್, ಆಮೇಲೆ ಇನ್ನೆರಡು. ಮೊದಲ ಸಲದ್ದು ಲೆಕ್ಕಕ್ಕೆ ತಗೋಬೇಡಿ, ಒಣ ಮಣ್ಣು ಹೇಗಿದ್ರೂ ಕುಡಿಯತ್ತೆ, ಮೂರನೇ ಸಲದ್ದು ಬರ್ಕೊಳ್ಳಿ. ಅದೇ ದಿನ ಅದೇ ಪೈಪ್ ತಗೊಂಡು ಅಕೇಶಿಯಾ ಕೆಳಗೆ, ಆಮೇಲೆ ದರಗು ಪೂರ್ತಿ ಗುಡಿಸಿಹೋದ, ದನ ಓಡಾಡೋ ಬೋಳು ಜಾಗದಲ್ಲಿ ಮಾಡಿ. ಸಾಮಾನ್ಯವಾಗಿ ಹಳೇ ಕಾಡಿನ ಮಣ್ಣು ನೋಡ್ತಾ ನೋಡ್ತಾ ಕುಡಿದುಬಿಡತ್ತೆ, ಬೋಳು ಜಾಗದಲ್ಲಿ ನೀರು ಪೈಪಲ್ಲಿ ಹಾಗೇ ನಿಂತಿರತ್ತೆ, ಅಕೇಶಿಯಾ ಇವೆರಡರ ಮಧ್ಯೆ ಎಲ್ಲೋ ಬರತ್ತೆ. ಪಶ್ಚಿಮಘಟ್ಟದಲ್ಲಿ ವಿಜ್ಞಾನಿಗಳು ಅಳತೆ ಮಾಡಿದಾಗಲೂ ಹೆಚ್ಚುಕಮ್ಮಿ ಇದೇ ಕ್ರಮ ಕಂಡಿದೆ. ಜುಲೈನಲ್ಲಿ ಬಿಡದೆ ಹೊಡೆಯೋ ಮಳೆಗೆ ಆ ವ್ಯತ್ಯಾಸ ಏನು ಮಾಡತ್ತೆ ಅಂತ ನೀವೇ ಯೋಚನೆ ಮಾಡಿ.

ಮತ್ತಿ ಮರದ ಕೆಳಗೆ ಕೂತಾಗ ಕೈಯಲ್ಲೇ ಸ್ವಲ್ಪ ಕೆದಕಿ. ಮೇಲೆ ಈ ವರ್ಷದ ಗರಿಗರಿ ಎಲೆ, ಅದರ ಕೆಳಗೆ ಹೋದ ವರ್ಷದ್ದು ಅರ್ಧ ಕೊಳೆತು ಬಿಳೀ ಬೂಷ್ಟಿನ ನೂಲು ಹಿಡಿದಿರತ್ತೆ, ಅದರ ಕೆಳಗೆ ಎಲೆ ಅಂತ ಗುರುತೇ ಸಿಗದ ಕರೀ ಪುಡಿ ಮಣ್ಣು, ಹಿಂಡಿದ್ರೆ ಸ್ಪಂಜಿನ ಹಾಗೆ, ಎರೆಹುಳದ ಹಿಕ್ಕೆ, ಸಣ್ಣ ಸಣ್ಣ ತೂತು. ಮಳೆಹನಿ ನೇರ ಮಣ್ಣಿಗೆ ಬಡಿಯದ ಹಾಗೆ ಕಾಯೋದು ಮೇಲಿನ ಪದರ, ನೀರು ಒಳಗೆ ಬಿಡೋದು ಕೆಳಗಿನ ಪದರ. ಪ್ರತೀ ವರ್ಷ ಜನವರಿ ಫೆಬ್ರವರಿಲಿ ಕಡ್ಡಿ ಪೊರಕೆ ಹಾಕಿ ನೆಲ ಕಾಣೋ ತನಕ ಗುಡಿಸಿ ತೋಟಕ್ಕೆ ಹೊತ್ತುಹಾಕಿದ್ರೆ ಈ ಮೂರು ಪದರ ಹುಟ್ಟೋದೇ ಇಲ್ಲ. ನಿಮ್ಮ ಹಳೇ ಕಾಡಿನ ಭಾಗವೂ ತೆಳ್ಳಗಾಗಿದೆ ಅಂತ ಬರೆದಿದೀರಲ್ಲ, ನನಗೆ ಅಕೇಶಿಯಾಕ್ಕಿಂತ ಅದೇ ಜಾಸ್ತಿ ಚಿಂತೆ ಆಗಿದ್ದು.

ಶರಾವತಿ ಕಣಿವೆಯ ಹಳ್ಳಗಳನ್ನ ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಗಟ್ಟಲೆ ನೋಡಿದಾರೆ. ಹಳ್ಳಕ್ಕೆ ನೀರು ಬಸಿಯೋ ಪ್ರದೇಶದಲ್ಲಿ ನಮ್ಮದೇ ಜಾತಿ ಮರಗಳ ಕಾಡು ನೂರಕ್ಕೆ 60ಕ್ಕಿಂತ ಜಾಸ್ತಿ ಉಳಿದಿರೋ ಕಡೆ ಹಳ್ಳ ವರ್ಷ ಪೂರ್ತಿ ಹರಿಯತ್ತೆ, 30ಕ್ಕಿಂತ ಕೆಳಗೆ ಇಳಿದ ಕಡೆ ಮಳೆ ಬಿಟ್ಟ ಮೇಲೆ ಕೆಲವೇ ತಿಂಗಳು. ಇದನ್ನ ಓದಿದಾಗ ನಿಮ್ಮ ಐದು ಎಕರೆ ಒಂದನ್ನೇ ನೋಡ್ಬೇಡಿ, ನಿಮ್ಮ ಹಳ್ಳಕ್ಕೆ ನೀರು ಕೊಡೋ ಗುಡ್ಡದಲ್ಲಿ ಇನ್ನೂ ನಾಲ್ಕೈದು ಮನೆಯವರ ಬೆಟ್ಟ ಇರತ್ತೆ. ಅವ್ರ ಜೊತೆ ಒಂದ್ಸಲ ಜಗಲಿ ಮೇಲೆ ಕೂತು ಮಾತಾಡದೆ ಈ ಕೆಲಸ ಪೂರ್ತಿ ಆಗಲ್ಲ.

ಇನ್ನು ಅಕೇಶಿಯಾ. ಆಸ್ಟ್ರೇಲಿಯಾ ಕಡೆಯ ಮರ, 80ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಬೋಳು ಗುಡ್ಡಗಳಿಗೆಲ್ಲ ನೆಟ್ಟರು, ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಾಗದ ಕಾರ್ಖಾನೆಗೆ ಅಂತ ಜಿಲ್ಲೆಲಿ ಸಾವಿರಾರು ಹೆಕ್ಟೇರ್ ನೆಡುತೋಪು ಆಯ್ತು. ಕಾರ್ಖಾನೆ 2015ರಲ್ಲಿ ನಿಂತೋಯ್ತು. 2020ರಲ್ಲಿ ನೆಡುತೋಪಿನ ಗುತ್ತಿಗೆ ಮುಗಿದು ಸರ್ಕಾರ ಮತ್ತೆ 40 ವರ್ಷಕ್ಕೆ ಮುಂದುವರಿಸೋಕೆ ಹೊರಟಾಗ 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅಂತ ಜಿಲ್ಲೆಯ ಜನ ಎದ್ದು ನಿಂತಿದ್ದು ನಿಮಗೆ ನೆನಪಿರತ್ತೆ. ಆ ಜನ ಕೇಳಿದ್ದು ನ್ಯಾಯವಾದ್ದನ್ನೇ, ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಸೊಪ್ಪಿಲ್ಲ, ತೋಟಕ್ಕೆ ಗೊಬ್ಬರ ಇಲ್ಲ ಅನ್ನೋ ಮರವನ್ನ ಕಾಡು ಅಂತ ಕರಿಯೋಕೆ ಆಗಲ್ಲ. ಅದರ ಎಲೆ ಅಂತ ನಾವು ಅನ್ನೋದು ನಿಜವಾಗಿ ಎಲೆಯ ತೊಟ್ಟು ಅಗಲ ಆಗಿರೋದು, ಚರ್ಮದ ಹಾಗೆ ಗಟ್ಟಿ, ಕೊಳೆಯೋಕೆ ತುಂಬ ಟೈಮ್ ತಗೊಳತ್ತೆ, ಬೇಸಿಗೆಲಿ ಒಂದು ಬೀಡಿ ಕಿಡಿ ಸಾಕು ಗುಡ್ಡ ಪೂರ್ತಿ ಹತ್ತಿಕೊಳ್ಳೋಕೆ.

ಆದ್ರೂ ಒಂದೇ ಸಲ ಬೋಳಿಸಬೇಡಿ ಅನ್ನೋಕೆ ಎರಡು ಕಾರಣ. ಒಂದು, ಮರ ತೆಗೆದ ವರ್ಷವೇ ಜೂನ್ ಮಳೆ ಬರಿ ಮಣ್ಣಿಗೆ ಬಡಿಯತ್ತೆ, ಇಳಿಜಾರಲ್ಲಿರೋ ಮೇಲ್ಮಣ್ಣು ತೊಳೆದು ನಿಮ್ಮ ಬಸಿಗಾಲುವೆಗೇ ಬಂದು ತುಂಬತ್ತೆ. ಎರಡನೇದು, ಅಕೇಶಿಯಾ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡ್ಕೊಂಡಿರತ್ತೆ, ಬಿಸಿಲು ಬಿದ್ದ ಕೂಡ್ಲೆ, ಅದರಲ್ಲೂ ಬೆಂಕಿ ಬಿದ್ದ ಮೇಲೆ, ಹುಲ್ಲು ಎದ್ದ ಹಾಗೆ ಸಾಲುಸಾಲು ಎದ್ದು ಬರತ್ತೆ. ಒಂದು ಅಕೇಶಿಯಾ ತೋಪು ತೆಗೆಸಿ ಎರಡು ಅಕೇಶಿಯಾ ತೋಪು ಬೆಳೆಸಿದ ಹಾಗೆ ಆಗತ್ತೆ. ಅದಕ್ಕೇ ನಾಲ್ಕೈದು ವರ್ಷಕ್ಕೆ ಹಂಚಿಕೊಳ್ಳಿ. ಮೊದ್ಲು ಅಕೇಶಿಯಾ ಒಳಗೆ ನಡೆದು ಕೆಳಗೆ ಏನು ಹುಟ್ಟಿದೆ ನೋಡಿ, ಹಳೇ ಕಾಡು ಪಕ್ಕದಲ್ಲೇ ಇರೋದ್ರಿಂದ ಹಕ್ಕಿಗಳು ತಂದು ಹಾಕಿದ ನೇರಳೆ, ದಾಲ್ಚಿನ್ನಿ, ಗಾಳಿಗೆ ಬಂದ ನಂದಿ, ಕಿಂದಲ ಸಸಿಗಳು ಇದ್ದೇ ಇರತ್ತೆ, ಅದಕ್ಕೆಲ್ಲ ಒಂದೊಂದು ಗೂಟ ಹೊಡೆದು ಬಣ್ಣದ ಬಟ್ಟೆ ಕಟ್ಟಿ. ಯಾವ ಮರ ತೆಗೆದ್ರೆ ಆ ಸಸಿಗೆ ಬೆಳಕು ಬೀಳತ್ತೋ ಅದನ್ನ ಮೊದಲು ತೆಗೀರಿ. ಕಡಿದ ಮರದ ಗೆಲ್ಲು ಜಿಗ್ಗನ್ನ ಇಳಿಜಾರಿಗೆ ಅಡ್ಡ ಸಾಲಾಗಿ ಹಾಕಿ, ಮಣ್ಣು ತಡೆಯತ್ತೆ. ಮಳೆಗಾಲ ಮುಗಿದ ಮೇಲೆ ಅಕೇಶಿಯಾ ಮರಿ ಸಸಿ ಕೈಯಲ್ಲೇ ಕಿತ್ತುಬಿಡಿ, ಎರಡು ವರ್ಷ ಬಿಟ್ರೆ ಕತ್ತಿ ಬೇಕಾಗತ್ತೆ.

ಇಲ್ಲಿ ಒಂದು ಎಚ್ಚರಿಕೆ. ಸೊಪ್ಪಿನಬೆಟ್ಟ ನಿಮ್ಮ ತೋಟಕ್ಕೆ ಅಂತ ಬಿಟ್ಟಿರೋ ಜಾಗ, ಆದ್ರೆ ಅದು ನಿಮ್ಮ ಖಾತೆ ಜಮೀನಲ್ಲ. ಸೊಪ್ಪು, ದರಗು, ಮನೆ ಖರ್ಚಿಗೆ ಸೌದೆ ತಗೊಳ್ಳೋ ಸವಲತ್ತು ಅಷ್ಟೇ ನಮಗಿರೋದು, 1964ರ ಭೂಕಂದಾಯ ಕಾಯ್ದೆಯ 79ನೇ ಕಲಂನಲ್ಲಿ ಹಳೇ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟದ ಈ ಸವಲತ್ತು ಮುಂದುವರಿಯತ್ತೆ ಅಂತ ಇದೆ. ಮರ ಕಡಿಯೋಕೆ, ಅದು ಅಕೇಶಿಯಾ ಆದ್ರೂ, ಮೊದ್ಲು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಬರಹದಲ್ಲಿ ಅನುಮತಿ ತಗೊಳ್ಳಿ. ಬೆಟ್ಟ ಅಗೆದು ಅಡಿಕೆ ಹಾಕೋದು ಸವಲತ್ತಿನ ಒಳಗೆ ಬರೋದೇ ಇಲ್ಲ, ಸವಲತ್ತೇ ಹೋಗಬಹುದು. ಕಾನೂನು ಪಕ್ಕಕ್ಕಿಟ್ರೂ ನೀರಿನ ಲೆಕ್ಕದಲ್ಲೇ ಅದು ತಪ್ಪು. ನೀರು ಇಂಗಿಸೋ ಎರಡೂವರೆ ಎಕರೆ ಹೋಗಿ ದಿನಕ್ಕೆ ಇಪ್ಪತ್ತೈದು ಸಾವಿರ ಲೀಟರ್ ಕೇಳೋ ಎರಡೂವರೆ ಎಕರೆ ಬಂದು ಕೂರತ್ತೆ, ಅದೂ ಹಳ್ಳಕ್ಕಿಂತ ಮೇಲೆ. ಅಡಿಕೆಗೆ ರೇಟ್ ಇದೆ ಅಂತ ಗುಡ್ಡ ಗುಡ್ಡವೇ ತೋಟ ಆಗ್ತಿರೋದನ್ನ ನೋಡಿದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ, ಎಲೆಚುಕ್ಕಿ ರೋಗ ಬಂದು ಇರೋ ತೋಟ ಉಳಿಸಿಕೊಳ್ಳೋದೇ ಕಷ್ಟ ಆಗಿರೋ ಹೊತ್ತಲ್ಲಿ ಇದು ಬೇಕಾ.

ಬೋರ್ ವಿಷಯ. ಬೋರ್ ನೀರು ಬರೋದು ಬಂಡೆಯ ಬಿರುಕಿಂದ. ಬಿರುಕು ಸಿಕ್ಕಿದ್ರೆ ನೀರು, ಇಲ್ದಿದ್ರೆ ಧೂಳು. ಸಿಕ್ಕಿದ್ರೂ ಆ ಬಿರುಕಿಗೆ ಮತ್ತೆ ನೀರು ತುಂಬೋದು ನಿಧಾನ. ಇನ್ನೂ ಒಂದು ಸಂಗತಿ ಇದೆ, ಇದನ್ನ ಬೋರ್ ಹೊಡೆಯೋರು ಹೇಳಲ್ಲ. ಮೇಲಿನ ಜಂಬಿಟ್ಟಿಗೆ ಪದರ ದಾಟೋ ತನಕ ಕೇಸಿಂಗ್ (ಬೋರಿನ ಒಳಗೋಡೆಗೆ ಹಾಕೋ ಪೈಪ್) ಸರಿಯಾಗಿ ಕೂರಿಸದಿದ್ರೆ ನಿಮ್ಮ ಬಾವಿಗೂ ಜರಿಗೂ ಬರ್ತಿದ್ದ ಮೇಲ್ಪದರದ ನೀರು ಬೋರಿನ ತೂತಲ್ಲೇ ಆಳಕ್ಕೆ ಇಳಿದು ಹೋಗತ್ತೆ. ಬೋರ್ ಬಂದ ಮೇಲೆ ಪಕ್ಕದ ಬಾವಿ ಬತ್ತಿದ ಕಥೆ ನಿಮ್ಮೂರಲ್ಲೂ ಇರತ್ತೆ ಕೇಳಿ ನೋಡಿ. ಮುಂದೆ ಯಾವತ್ತಾದ್ರೂ ಕುಡಿಯೋ ನೀರಿಗೆ ಅನಿವಾರ್ಯ ಆದ್ರೆ ಹೊಡೆಸಿ, ಕೇಸಿಂಗ್ ಬಗ್ಗೆ ಹಠ ಹಿಡಿದು ನಿಂತು ಮಾಡಿಸಿ. ತೋಟಕ್ಕೆ ಅಂತ ಬೇಡ.

ಇಂಗುಗುಂಡಿ ಬಗ್ಗೆ ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ಸರಿ. ಬೆಟ್ಟದ ನೆತ್ತಿ ಮೇಲೆ ಸಮತಟ್ಟು ಜಾಗ ಇದ್ರೆ, ಇಳಿಜಾರು ತೀರಾ ಕಡಿಮೆ ಇದ್ರೆ, ಬೋಳು ಜಾಗ ಆಗಿದ್ರೆ ಅಲ್ಲಿ ಗುಂಡಿ ಒಳ್ಳೇ ಕೆಲಸ ಮಾಡತ್ತೆ, ಉದ್ದ ಆರಡಿ ಅಗಲ ಎರಡಡಿ ಆಳ ಒಂದೂವರೆ ಅಡಿ ಸಾಕು, ದೊಡ್ಡ ಗುಂಡಿ ನಾಲ್ಕು ತೆಗೆಯೋದಕ್ಕಿಂತ ಸಣ್ಣದು ನಲವತ್ತು ಮೇಲು. ಆದ್ರೆ ಕಡಿದಾದ ಇಳಿಜಾರಲ್ಲಿ, ಅದರಲ್ಲೂ ಮನೆ ಕೊಟ್ಟಿಗೆ ತೋಟದ ನೇರ ಮೇಲ್ಗಡೆ, ದಯವಿಟ್ಟು ಯಾವ ಗುಂಡಿನೂ ಯಾವ ಅಗಳನೂ (ಉದ್ದ ಕಂದಕ) ತೆಗೆಸಬೇಡಿ. ಮೇಲೆ ಹೇಳಿದ ಜೇಡಿ ಪದರ ಇದ್ಯಲ್ಲ, ಅದರ ಮೇಲೆ ನೀರು ಮಿತಿ ಮೀರಿ ಸೇರಿದ್ರೆ ಮೇಲಿನ ಮಣ್ಣು ಮರ ಸಮೇತ ಜಾರತ್ತೆ. 2018ರ ಆಗಸ್ಟಲ್ಲಿ ಕೊಡಗು, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, ಎರಡೂ ಕಡೆ ಕುಸಿತ ಎಷ್ಟು ಮನೆ ತೋಟ ತಗೊಂಡು ಹೋಯ್ತು ಅಂತ ನೋಡಿದೀವಿ. ಹಳೇ ಕಾಡು ನಿಧಾನವಾಗಿ, ಎಲ್ಲಾ ಕಡೆ ಸಮನಾಗಿ ಇಂಗಿಸತ್ತೆ, ಬೇರಿಂದ ಮಣ್ಣನ್ನೂ ಹಿಡಿದುಕೊಳ್ಳತ್ತೆ. ಗುಂಡಿ ಒಂದೇ ಕಡೆ ನೀರು ತುಂಬತ್ತೆ. ಗುಡ್ಡದಲ್ಲಿ ಎಲ್ಲಾದ್ರೂ ನೆಲ ಬಿರುಕು ಬಿಟ್ಟಿದ್ರೆ, ಮರ ವಾಲಿದ್ರೆ, ಮಳೆಗಾಲದಲ್ಲಿ ಹೊಸ ಜಾಗದಲ್ಲಿ ಕೆಸರು ನೀರು ಉಕ್ಕಿದ್ರೆ ಆ ಗುಡ್ಡಕ್ಕೆ ಗುದ್ದಲಿನೇ ತಾಗಿಸಬೇಡಿ.

ಬೆಟ್ಟ ಚೇತರಿಸಿಕೊಳ್ಳೋಕೆ ವರ್ಷಗಳು ಬೇಕು, ಅಲ್ಲಿ ತನಕ ತೋಟ ಉಳೀಬೇಕಲ್ಲ. ಹಳ್ಳಕ್ಕೆ ಕಟ್ಟ ಹಾಕಿ. ಮಳೆ ಪೂರ್ತಿ ನಿಂತ ಮೇಲೆ, ಹರಿವು ಇನ್ನೂ ಇರೋವಾಗಲೇ, ಅಂದ್ರೆ ನವೆಂಬರ್ ಕೊನೆ ಡಿಸೆಂಬರ್ ಮೊದಲು, ಕಲ್ಲು ಮಣ್ಣು ಸೊಪ್ಪು ಸೇರಿಸಿ ಎರಡು ಮೂರು ಅಡಿ ಎತ್ತರಕ್ಕೆ. ಹಳ್ಳದ ಉದ್ದಕ್ಕೂ ಮೇಲಿನವರು ಕೆಳಗಿನವರು ಸೇರಿ ಸಾಲು ಕಟ್ಟ ಹಾಕಿದ್ರೆ ನಿಂತ ನೀರು ದಡಕ್ಕೆ ಇಂಗಿ ಬಾವಿ ಏರತ್ತೆ. ಜನವರಿಲಿ ಹಾಕಿದ್ರೆ ಹಿಡಿಯೋಕೆ ನೀರೇ ಇರಲ್ಲ. ಸಿಮೆಂಟ್ ಚೀಲದಲ್ಲಿ ಮರಳು ತುಂಬಿ ಹಾಕೋರು ಮೇ ತಿಂಗಳಲ್ಲಿ ಚೀಲ ವಾಪಸ್ ತೆಗೀಲೇಬೇಕು, ಇಲ್ದಿದ್ರೆ ಹರಿದ ಪ್ಲಾಸ್ಟಿಕ್ ಎಲ್ಲಾ ಹೊಳೆಗೆ. ತೋಟದಲ್ಲಿ ಸ್ಪ್ರಿಂಕ್ಲರ್ ಬಿಟ್ಟು ಡ್ರಿಪ್ ಮಾಡಿ, ಬುಡಕ್ಕೆ ಸೋಗೆ, ಹಾಳೆ ಮುಚ್ಚಿಗೆ ಹಾಕಿ. ಬುಡಕ್ಕೆ ನೀರು ಹಾಯಿಸೋ ಪದ್ಧತಿಲಿ ನಾಲ್ಕೈದು ದಿನಕ್ಕೊಂದ್ಸಲ ಮರಕ್ಕೆ 175ರಿಂದ 200 ಲೀಟರ್ ಬೇಕು, ಡ್ರಿಪ್‌ನಲ್ಲಿ ಅದರ ಅರ್ಧದಲ್ಲಿ ಮುಗಿಯತ್ತೆ. ತೋಟಗಾರಿಕೆ ಇಲಾಖೆಲಿ ಸಹಾಯಧನ ಕೇಳಿ ನೋಡಿ.

ಹಾಗಾದ್ರೆ ಸೊಪ್ಪು ದರಗು ತೆಗೆಯೋದೇ ಬೇಡ್ವಾ ಅಂತ ಕೇಳ್ತೀರಿ. ತೆಗೀರಿ, ಬೆಟ್ಟ ಇರೋದೇ ಅದಕ್ಕೆ, ನೂರಾರು ವರ್ಷ ತಗೊಂಡೂ ಬೆಟ್ಟ ಉಳಿದಿತ್ತು. ಐದು ಎಕರೆನ ಮನಸ್ಸಲ್ಲೇ ಮೂರು ಭಾಗ ಮಾಡಿ, ವರ್ಷಕ್ಕೆ ಒಂದು ಭಾಗದಲ್ಲಿ ಮಾತ್ರ ಗುಡಿಸಿ, ಅದೂ ಮೇಲಿನ ಗರಿ ಎಲೆ ಅಷ್ಟೇ, ಕೊಳೆತ ಪದರ ಮುಟ್ಟಬೇಡಿ. ಸೊಪ್ಪು ಕಡಿಯುವಾಗ ಕೆಳಗಿನ ಗೆಲ್ಲು ಸವರಿ, ತಲೆ ಬಿಡಿ. ಈಗ ಕೂಲಿಗೆ ಬಂದೋರು ಬೇಗ ಮುಗಿಸೋಕೆ ತಲೆ ಸಮೇತ ಬೋಳಿಸ್ತಾರೆ, ಆ ಮರಕ್ಕೆ ಹೂವಿಲ್ಲ ಬೀಜ ಇಲ್ಲ, ಬೆಟ್ಟ ತೆಳ್ಳಗಾಗೋದು ಹೀಗೇ, ಜೊತೆಗೆ ನಿಂತು ಮಾಡಿಸಿ. ಕಡಿಮೆ ಬಿದ್ದ ದರಗಿಗೆ ಬದಲು ಅಡಿಕೆ ಸಿಪ್ಪೆ ಇದೆ. ಸುಲಿದ ಸಿಪ್ಪೆನ ರಸ್ತೆ ಪಕ್ಕ ಸುರಿದು ಬೆಂಕಿ ಕೊಟ್ಟು ಊರಿಗೆಲ್ಲ ಹೊಗೆ ಹಾಕ್ತಾರೆ, ಅದೇ ಸಿಪ್ಪೆನ ಸಗಣಿ ಗಂಜಲದ ಜೊತೆ ಪದರ ಪದರವಾಗಿ ಹಾಕಿ ಒದ್ದೆ ಇಟ್ರೆ ಸ್ವಲ್ಪ ತಡ ಆದ್ರೂ ಒಳ್ಳೇ ಗೊಬ್ಬರ. ಸೌದೆ ಬಗ್ಗೆ ಹೇಳೋದಾದ್ರೆ ಬಚ್ಚಲ ಒಲೆ, ಅಡಿಕೆ ಬೇಯಿಸೋ ಒಲೆ ಇವೆರಡೇ ಬೆಟ್ಟ ತಿನ್ನೋದು. ಅಸ್ತ್ರ ಒಲೆ ಮಾದರಿಲಿ ಗಾಳಿ ಸರಿಯಾಗಿ ಆಡೋ ಹಾಗೆ ಕಟ್ಟಿಸಿದ್ರೆ ಸೌದೆ ಖರ್ಚು ಎದ್ದು ಕಾಣೋ ಹಾಗೆ ಇಳಿಯತ್ತೆ. ಕಡಿದ ಅಕೇಶಿಯಾ ಗೆಲ್ಲೂ ಒಲೆಗೆ ಆಗತ್ತೆ, ಆ ನಾಲ್ಕೈದು ವರ್ಷ ಕಾಡುಮರದ ಸೌದೆ ಮುಟ್ಟೋ ಹಾಗೇ ಇಲ್ಲ.

ಬೆಟ್ಟಕ್ಕೆ ಹೋಗೋ ವಿಷಯದಲ್ಲಿ ಇನ್ನೊಂದು ಮಾತು, ದರಗು ಗುಡಿಸೋ ಕಾಲವೂ ಮಂಗನ ಕಾಯಿಲೆ ಕಾಲವೂ ಒಂದೇ, ಡಿಸೆಂಬರ್‌ನಿಂದ ಮೇ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಮೊದಲು ಕಂಡಿದ್ದು. ಇದನ್ನ ಹರಡೋದು ಉಣುಗು (ಉಣ್ಣೆ), ಅದು ಕಚ್ಚದ ಹಾಗೆ ಮೈಮುಚ್ಚೋ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡ್ಲೆ ಬಿಸಿನೀರು ಸ್ನಾನ, ಬಟ್ಟೆನೂ ಬಿಸಿನೀರಿಗೆ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಆಸ್ಪತ್ರೆಗೆ ತಿಳಿಸಿ.

ಈ ಬೇಸಿಗೆಗೆ ನಿಮ್ಮ ಕೆಲಸ ಇಷ್ಟು ಇಟ್ಕೊಳ್ಳಿ. ಶಿವರಾತ್ರಿ ಒಳಗೆ ಬೆಟ್ಟದ ಸುತ್ತ ಹತ್ತಡಿ ಅಗಲಕ್ಕೆ ಎಲೆ ಹುಲ್ಲು ತೆಗೆದು ಬೆಂಕಿರೇಖೆ ಮಾಡಿ, ಬೆಂಕಿ ಬಿದ್ರೆ ಉಳಿದಿದ್ದೆಲ್ಲಾ ವ್ಯರ್ಥ. ಪೈಪಿನ ಪರೀಕ್ಷೆ ಮಾಡಿ ಬರೆದಿಡಿ, ಮೂರು ವರ್ಷ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಮಾಡೋದಿದೆ. ಬೀಜ ನಿಮ್ಮ ಬೆಟ್ಟದ ಮತ್ತಿ, ಹೊನ್ನೆ, ತಾರೆ, ಅಳಲೆಯಿಂದಲೇ ಆರಿಸಿ, ಸಿಗದಿದ್ದನ್ನ ಜೂನ್‌ಗೆ ಮೊದಲು ಅರಣ್ಯ ಇಲಾಖೆ ನರ್ಸರಿಯಿಂದ ತನ್ನಿ. ಒಳಗಿನ ನೆರಳಿನ ಜಾಗಕ್ಕೆ ಮುರುಗಲು, ಉಪ್ಪಾಗೆ, ರಾಮಪತ್ರೆ ಹಾಕಿ, ಇವು ಮುಂದೆ ಕಡಿಯದೇ ದುಡ್ಡು ಕೊಡೋ ಮರಗಳು. ಉಪ್ಪಾಗೆ ಕೊಯ್ಯೋವಾಗ ಮಾತ್ರ ಗೆಲ್ಲು ಮುರಿಯೋ ಆಸೆ ಬೇಡ, ಹಣ್ಣಾಗಿ ತಾನೇ ಉದುರಿದ್ದನ್ನ ಆರಿಸೋದೇ ಸರಿ. ಹಳ್ಳದ ದಡದಲ್ಲಿ ಹೊಳೆಮತ್ತಿ, ಕೇದಗೆ, ವಾಟೆ ಬಿದಿರು, ಮತ್ತೆ ನಿಮ್ಮ ಕಡೆ ಒಳ್ಳೇ ಅಪ್ಪೆಮಿಡಿ (ಉಪ್ಪಿನಕಾಯಿ ಮಾವು) ಜಾತಿ ಇದ್ರೆ ಅದರ ಕಸಿ ಸಸಿ. ಅಪ್ಪೆಗೆ ಹಳ್ಳದ ಮಗ್ಗುಲೇ ಇಷ್ಟ. ನೆಡೋದು ಮೊದಲ ಎರಡು ಮಳೆ ಬಿದ್ದು ಮಣ್ಣು ಪೂರ್ತಿ ನೆಂದ ಮೇಲೆ. ಮೊದಲ ವರ್ಷ ದನ ಬಿಡಬೇಡಿ, ಬೇಲಿ ಆಗದಿದ್ರೆ ಸಸಿ ಸುತ್ತ ಮುಳ್ಳಿನ ಗೆಲ್ಲಾದ್ರೂ ಇಡಿ.